ಗಾಜಿನ ಸೇತುವೆಯ ಮೇಲೆ ಒಂದು ದಿನ

ಕನ್ಯಾಕುಮಾರಿಯಲ್ಲಿ ವಿವೇಕಾನಂದ ಶಿಲಾಸ್ಮಾರಕಕ್ಕೂ ತಿರುವಳ್ಳುವರರ ಪ್ರತಿಮೆಗೂ ನಡುವೆ ಕಡಲಿನ ಮೇಲೆ ಗಾಜಿನ ಸೇತುವೆಯೊಂದನ್ನು ಕಟ್ಟಿ, 2024ನೆಯ ಡಿಸೆಂಬರ್ 30ರಂದು ತೆರೆದ ಸಂಗತಿಯನ್ನು ನೀವು ಕೇಳಿರಬಹುದು. ಅದರ ಉದ್ದವು 77 ಮೀಟರ್, ಅಗಲವು 10 ಮೀಟರ್. ಈ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನಮ್ಮ ಚಾಳಿನ ಕಿಟಕಿಯ ಗಾಜು ಒಂದು ರಬ್ಬರ್ ಚೆಂಡು ತಗಲಿದರೆ ಒಡೆದುಹೋಗುತ್ತದೆ. ಅಂಥ ಗಾಜಿನ ಮೇಲೆ ನೂರಾರು ಜನರು ನಡೆಯುವುದು ಹೇಗೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ಮಾತ್ರ ನಗಲಾರದೆ ಹೋದೆನು. ಏಕೆಂದರೆ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನೂ ಒಮ್ಮೆ ಒಂದು ಗಾಜಿನ ಸೇತುವೆಯ ಬಾಯಲ್ಲಿ ನಿಂತಿದ್ದೆನು. ಉತ್ತರವು ಗೊತ್ತಿದ್ದರೂ ಕಾಲು ಮುಂದಕ್ಕೆ ಸರಿಯದೆ ನಿಂತಿದ್ದೆನು. ಆ ದಿನದ ಕಥೆಯನ್ನೂ ಆ ಪ್ರಶ್ನೆಯ ಉತ್ತರವನ್ನೂ ಜೊತೆಯಾಗಿಯೇ ನಿಮಗೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆನು.

ನಾನು ಕಂಡ ಸೇತುವೆಯು ಚೀನಾದೇಶದ ಹುನಾನ್ ಪ್ರಾಂತದಲ್ಲಿ, ಜಾಂಗ್‌ಜಿಯಾಜಿಯೆ ಎಂಬ ಪಟ್ಟಣಕ್ಕೆ ಸೇರಿದ ಮಲೆನಾಡಿನಲ್ಲಿರುವುದು. ಈ ಸೀಮೆಯು ಬೆಟ್ಟಗಳಿಗೆ ಹೆಸರಾದದ್ದು. ಇಲ್ಲಿಯ ವುಲಿಂಗ್‌ಯುವಾನ್ ಎಂಬ ಕಾಡಿನಲ್ಲಿ ಮರಳುಗಲ್ಲಿನ ಕಂಬಗಳು ಮೂರು ಸಾವಿರಕ್ಕೂ ಮಿಕ್ಕಿ ನಿಂತಿವೆ. ಅವುಗಳಲ್ಲಿ ಅನೇಕವು ಇನ್ನೂರು ಮೀಟರಿಗಿಂತ ಎತ್ತರವಾದವು. ಮಳೆನೀರು, ಮಂಜುಗಡ್ಡೆ, ಮರದ ಬೇರು ಇವು ಲಕ್ಷಾಂತರ ವರ್ಷಗಳ ಕಾಲ ಕಲ್ಲನ್ನು ಕೊರೆದು ಈ ಕಂಬಗಳನ್ನು ಬಿಡಿಸಿವೆ. 1992ರಲ್ಲಿ ಇದು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗಾಜಿನ ಸೇತುವೆಯು ಈ ಕಂಬಗಳ ಕಾಡಿನಲ್ಲಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಬೇರೊಂದು ಆಳವಾದ ಕಮರಿಯ ಮೇಲಿದೆ. ಅನೇಕ ಪ್ರವಾಸಿಗರು ಎರಡೂ ಒಂದೇ ಎಂದು ತಿಳಿದು ಒಂದರ ಟಿಕೀಟಿನಿಂದ ಇನ್ನೊಂದನ್ನು ನೋಡಬಹುದೆಂದು ಮೋಸಹೋಗುವರು. ಮಾರ್ಗದರ್ಶಕರನ್ನು ಕೂಡಿಕೊಂಡು ಹೋಗುವುದರಿಂದಾಗುವ ಮೊದಲ ಪ್ರಯೋಜನವೆಂದರೆ ಇಂಥ ತೊಡಕುಗಳು ತಪ್ಪುವುದೇ ಆಗಿದೆ.

2018ನೆಯ ಇಸವಿಯ ದೀಪಾವಳಿಯ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆನು. ನನ್ನ ತಮ್ಮನು ಉದ್ಯೋಗದ ನಿಮಿತ್ತವಾಗಿ ಆಗ ಶಾಂಘೈ ನಗರದಲ್ಲಿದ್ದನು. ಆತನೇ ಮುಂದಾಗಿ ನಮ್ಮಿಬ್ಬರ ಹೆಸರನ್ನು ಒಂದು ದಿನದ ಪ್ರವಾಸದ ತಂಡಕ್ಕೆ ಬರೆಯಿಸಿದನು. ತಂಡದಲ್ಲಿ ನಾವು ಹದಿನೆಂಟು ಮಂದಿ ಇದ್ದೆವು. ಮಾರ್ಗದರ್ಶಕಳು ಇಪ್ಪತ್ತೈದರ ಆಸುಪಾಸಿನ ತರುಣಿ. ಇಂಗ್ಲಿಷನ್ನು ಸ್ಪಷ್ಟವಾಗಿ ಮಾತನಾಡುತ್ತಿದ್ದಳು. ಕೈಯಲ್ಲೊಂದು ಕೋಲು, ಅದರ ತುದಿಗೆ ಹಳದಿಯ ಸಣ್ಣ ಬಾವುಟ. ಎಷ್ಟೇ ಜನಜಂಗುಳಿಯಿದ್ದರೂ ಆ ಬಾವುಟವನ್ನು ನೋಡಿಕೊಂಡು ನಡೆಯಬೇಕೆಂದು ಅವಳ ಕಟ್ಟಪ್ಪಣೆ. ಬಸ್ಸು ಹೊರಡುವ ಮೊದಲು ಒಮ್ಮೆ, ಇಳಿದೊಡನೆ ಒಮ್ಮೆ, ಬಾಗಿಲಿನಲ್ಲಿ ಮತ್ತೊಮ್ಮೆ ಅವಳು ನಮ್ಮ ತಲೆಗಳನ್ನು ಎಣಿಸುತ್ತಿದ್ದಳು. ಮೊದಲು ನನಗೆ ಇದು ಅತಿಯಾಯಿತೆಂದು ತೋರಿತು. ಶಾಲೆಯ ಮಕ್ಕಳನ್ನು ಸಹಲಿಗೆ ಕರೆದೊಯ್ಯುವಾಗ ನಾನು ಮಾಡುವುದೂ ಇದೇ ಎಂಬುದು ಆಮೇಲೆ ನೆನಪಾಗಿ, ಒಳಗೊಳಗೇ ನಕ್ಕು ಸುಮ್ಮನಾದೆನು.

ಪಟ್ಟಣದಿಂದ ಕಮರಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಕ್ಕೆಲಗಳಲ್ಲಿ ಹಸುರು ಬೆಟ್ಟ, ಭತ್ತದ ಗದ್ದೆ, ಕಪ್ಪು ಹೆಂಚಿನ ಮನೆಗಳು. ಈ ಸೀಮೆಯಲ್ಲಿ ತುಜಿಯಾ ಎಂಬ ಜನಾಂಗದವರು ಹೆಚ್ಚಾಗಿ ವಾಸಿಸುವರು. ದಾರಿಯಲ್ಲಿ ಮಾರ್ಗದರ್ಶಕಳು ಆ ದಿನದ ನಿಯಮಗಳನ್ನು ವಿವರಿಸಿದಳು. ಟಿಕೀಟಿನ ಮೇಲೆ ನಮ್ಮ ಹೆಸರೂ ಒಳಹೋಗುವ ವೇಳೆಯೂ ನಮೂದಾಗಿರುವುದರಿಂದ ಆ ವೇಳೆಗೆ ಸರಿಯಾಗಿ ಬಾಗಿಲಲ್ಲಿರಬೇಕು. ಪರದೇಶದವರು ಪಾಸ್‌ಪೋರ್ಟನ್ನು ಕೈಯಲ್ಲಿಯೇ ಇಟ್ಟುಕೊಂಡಿರಬೇಕು. ಕೈಚೀಲಗಳನ್ನು ಹೊರಗೇ ಬಿಡಬೇಕು. ಎತ್ತರದ ಹಿಮ್ಮಡಿಯ ಪಾದರಕ್ಷೆಗಳು ಸಲ್ಲವು. ಸೇತುವೆಯ ಮೇಲೆ ಓಡಬಾರದು, ಕುಣಿಯಬಾರದು. ಕಡೆಯದಾಗಿ ಅವಳು ಹೇಳಿದ ಮಾತು ನನಗೆ ಬಹಳ ಹಿಡಿಸಿತು. “ಯಾರಿಗೆ ನಡೆಯಲು ಮನಸ್ಸಾಗುವುದಿಲ್ಲವೋ ಅವರು ನಡೆಯಬೇಕಾಗಿಲ್ಲ. ನಾವು ಮರಳುವವರೆಗೆ ದಡದಲ್ಲಿ ಕುಳಿತಿರಬಹುದು. ಯಾರನ್ನೂ ಯಾರೂ ಎಳೆಯಬೇಡಿರಿ, ನೂಕಬೇಡಿರಿ” ಎಂದು ಅವಳು ಹೇಳಿದಳು.

ಬಾಗಿಲಿನಲ್ಲಿ ನಮ್ಮನ್ನು ತಪಾಸಣೆ ಮಾಡಿ, ಪಾದರಕ್ಷೆಗಳ ಮೇಲೆ ತೊಡಲು ಬಟ್ಟೆಯ ಚೀಲಗಳನ್ನು ಕೊಟ್ಟರು. ಗಾಜಿನ ಮೇಲೆ ಗೀರು ಬೀಳಬಾರದೆಂಬುದೇ ಇದರ ಉದ್ದೇಶ. ಗೀರಿಗೂ ಗಾಜಿನ ಬಲಕ್ಕೂ ಇರುವ ಸಂಬಂಧವನ್ನು ಮುಂದೆ ಹೇಳುವೆನು. ಆ ಚೀಲಗಳನ್ನು ಕಟ್ಟಿಕೊಂಡು ಹತ್ತು ಹೆಜ್ಜೆ ನಡೆಯುವುದರೊಳಗೆ ಸೇತುವೆಯು ಕಣ್ಣೆದುರಿಗೆ ತೆರೆದುಕೊಂಡಿತು.

ಈ ಸೇತುವೆಯ ಉದ್ದವು ಸುಮಾರು 430 ಮೀಟರ್, ಅಗಲವು 6 ಮೀಟರ್. ನಮ್ಮ ಮುಂಬಯಿಯ ಹನ್ನೆರಡು ಡಬ್ಬಿಗಳ ಲೋಕಲ್ ಗಾಡಿಯನ್ನು ಅದರ ಮೇಲೆ ನಿಲ್ಲಿಸಿದರೆ ಇನ್ನೂ ಅರ್ಧ ಗಾಡಿಗಿಂತ ಹೆಚ್ಚಿನ ಜಾಗವು ಉಳಿಯುವುದು. ಕಮರಿಯ ತಳದಿಂದ ಸೇತುವೆಗೆ ಸುಮಾರು 300 ಮೀಟರ್ ಎತ್ತರ. ನಮ್ಮ ಜೋಗದ ರಾಜಾ ಧುಮುಕುವುದು 253 ಮೀಟರಿನಿಂದ. ಜೋಗದ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದವರು ನಿಮ್ಮಲ್ಲಿದ್ದರೆ, ಅದಕ್ಕಿಂತಲೂ ಆಳವಾದ ಕೊಳ್ಳದ ನಟ್ಟನಡುವೆ ಗಾಳಿಯಲ್ಲಿ ನಿಂತಂತೆ ಎಂದು ಭಾವಿಸಿಕೊಳ್ಳಿರಿ. ಇದನ್ನು ಕಲ್ಪಿಸಿದವರು ಹಾಯಿಮ್ ದೋತಾನ್ ಎಂಬ ಇಸ್ರೇಲ್ ದೇಶದ ವಾಸ್ತುಶಿಲ್ಪಿಗಳು. ಇದು ತೂಗುಸೇತುವೆ. ಎಂದರೆ ಕೆಳಗಿನಿಂದ ಕಂಬಗಳು ಇದನ್ನು ಹೊತ್ತಿಲ್ಲ. ಎರಡೂ ದಡಗಳಲ್ಲಿ ಬಲವಾಗಿ ಬಿಗಿದ ಉಕ್ಕಿನ ದಪ್ಪ ಹಗ್ಗಗಳಿಂದ ಇದು ತೂಗುತ್ತಿದೆ. ಬಿಳಿಯ ಬಣ್ಣವನ್ನು ಬಳಿದ ಉಕ್ಕಿನ ತೊಲೆಗಳ ಚೌಕಟ್ಟನ್ನು ಹಗ್ಗಗಳು ಹಿಡಿದಿವೆ. ಆ ಚೌಕಟ್ಟಿನ ನಡುವಣ ತೆರಪುಗಳಲ್ಲಿ 99 ಗಾಜಿನ ಹಲಗೆಗಳನ್ನು ಕೂರಿಸಿರುವರು. ಆದುದರಿಂದ ಸೇತುವೆಯನ್ನು ಹೊತ್ತಿರುವುದು ಗಾಜಲ್ಲ, ಉಕ್ಕು. ಗಾಜಿನ ಪ್ರತಿ ಹಲಗೆಯು ತನ್ನ ಮೇಲೆ ನಿಂತವರ ಭಾರವನ್ನು ಪಕ್ಕದ ತೊಲೆಗೆ ಮುಟ್ಟಿಸಿದರೆ ಸಾಕು.

ಇದೆಲ್ಲವೂ ನನಗೆ ಮೊದಲೇ ತಿಳಿದಿದ್ದಿತು. ಆದರೂ ಮೊದಲನೆಯ ಗಾಜಿನ ಹಲಗೆಯ ಅಂಚಿಗೆ ಬಂದಾಗ ನನ್ನ ಬಲಗಾಲು ಮೇಲೇಳಲಿಲ್ಲ. ಕಾಲ ಕೆಳಗೆ ನೆಲವಿಲ್ಲ. ಬಹು ಆಳದಲ್ಲಿ ಪಾಚಿಯಂತೆ ಕಾಣುವ ಮರಗಳ ತಲೆಗಳು, ದಾರದ ಎಳೆಯಂತೆ ಹೊಳೆಯುವ ನೀರು. ಅಂಗೈ ಬೆವೆತಿತು. ತಮ್ಮನು ಆಗಲೇ ನಾಲ್ಕು ಹಲಗೆಗಳಷ್ಟು ಮುಂದೆ ಹೋಗಿ, “ಬಾ ಅಣ್ಣಾ, ಮಕ್ಕಳಿಗೆ ಪಾಠ ಹೇಳೋನೇ ಹೀಗೆ ನಿಂತರೆ ಹೇಗೆ?” ಎಂದು ಕೂಗಿದನು. ಮೂವತ್ತು ವರ್ಷಗಳ ಕಾಲ ಗಾಜಿನ ಗುಣಧರ್ಮಗಳನ್ನು ಕರೀಹಲಗೆಯ ಮೇಲೆ ಬರೆದವನಿಗೆ ಆ ಮಾತಿನಿಂದ ನಾಚಿಕೆಯಾಯಿತೇ ಹೊರತು ಕಾಲು ಮಾತ್ರ ಕದಲಲಿಲ್ಲ.

ವಿದ್ಯಾರ್ಥಿಗಳೇ, ಇದನ್ನು ನಾನು ಮುಚ್ಚಿಡದೆ ಹೇಳುವುದಕ್ಕೆ ಕಾರಣವಿದೆ. ಇಂಥ ಹೆದರಿಕೆಯು ಹೇಡಿತನವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲಿನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗವನ್ನು ಮಾಡಿ 1960ರಲ್ಲಿ ಪ್ರಕಟಿಸಿದರು. ಅವರು ಎತ್ತರವಾದ ಮೇಜಿನ ಮೇಲೆ ದಪ್ಪ ಗಾಜನ್ನು ಹಾಸಿದರು. ಅದರ ಒಂದು ಅರ್ಧದಲ್ಲಿ ಗಾಜಿಗೆ ಅಂಟಿದಂತೆಯೇ ಚೌಕುಳಿಯ ಬಟ್ಟೆಯನ್ನು ಹರಡಿದರು. ಇನ್ನೊಂದು ಅರ್ಧದಲ್ಲಿ ಅದೇ ಬಟ್ಟೆಯನ್ನು ಕೆಳಗೆ ನೆಲದ ಮೇಲೆ ಹರಡಿದರು. ಮುಟ್ಟಿ ನೋಡಿದರೆ ಎರಡು ಕಡೆಯೂ ಒಂದೇ ಗಾಜು, ಆದರೆ ನೋಡುವ ಕಣ್ಣಿಗೆ ಒಂದು ಕಡೆ ನೆಲ, ಒಂದು ಕಡೆ ಪ್ರಪಾತ. ಆರು ತಿಂಗಳಿನಿಂದ ಹದಿನಾಲ್ಕು ತಿಂಗಳವರೆಗಿನ 36 ಕೂಸುಗಳನ್ನು ಅದರ ನಡುವೆ ಬಿಟ್ಟು, ತಾಯಂದಿರಿಂದ ಎರಡು ಕಡೆಗಳಿಂದಲೂ ಕರೆಯಿಸಿದರು. ನಡುವಿನಿಂದ ಕದಲಿದ ಕೂಸುಗಳು 27. ಅವೆಲ್ಲವೂ ನೆಲದಂತೆ ತೋರುವ ಕಡೆಗೆ ಅಂಬೆಗಾಲಿಟ್ಟು ಹೋದವು. ಪ್ರಪಾತದಂತೆ ತೋರುವ ಕಡೆಗೆ ಹೋದವು ಮೂರು ಮಾತ್ರ. ಕೆಲವು ಕೂಸುಗಳು ಆ ಗಾಜನ್ನು ಕೈಯಿಂದ ತಟ್ಟಿ ನೋಡಿ, ಅದು ಗಟ್ಟಿಯೆಂದು ಕೈಗೆ ತಿಳಿದರೂ ಕಣ್ಣನ್ನೇ ನಂಬಿ ಹಿಂದೆ ಸರಿದವು. ಪುಸ್ತಕವನ್ನು ಓದದ ಕೂಸಿಗೂ ಈ ಎಚ್ಚರಿಕೆಯುಂಟು. ಇದು ನಮ್ಮ ಜೀವವನ್ನು ಕಾಯಲೆಂದು ಬಂದ ಗುಣ.

ಇನ್ನೊಂದು ಕಾರಣವೂ ಉಂಟು. ನಾವು ನೆಟ್ಟಗೆ ನಿಲ್ಲುವುದಕ್ಕೆ ಮೂರು ಕಡೆಗಳಿಂದ ಮಿದುಳಿಗೆ ಸಮಾಚಾರವು ಹೋಗುತ್ತಿರಬೇಕು: ಒಳಗಿವಿಯಿಂದ, ಸ್ನಾಯು ಮತ್ತು ಅಂಗಾಲುಗಳಿಂದ, ಕಣ್ಣಿನಿಂದ. ದೇಹವು ತುಸು ವಾಲಿದೊಡನೆ ಹತ್ತಿರದ ಗೋಡೆಯೋ ಕಂಬವೋ ಸರಿದಂತೆ ಕಣ್ಣಿಗೆ ತೋರುವುದು. ಅದನ್ನು ನೋಡಿ ನಾವು ಅರಿಯದೆಯೇ ನೆಟ್ಟಗಾಗುವೆವು. ಎತ್ತರದಲ್ಲಿ ನಿಂತಾಗ ಕಾಣುವ ವಸ್ತುಗಳೆಲ್ಲವೂ ಬಹು ದೂರದಲ್ಲಿರುವುದರಿಂದ ದೇಹವು ವಾಲಿದರೂ ಅವು ಸರಿದಂತೆ ತೋರುವುದಿಲ್ಲ. ಕಣ್ಣಿನ ನೆರವು ತಪ್ಪಿ ತಲೆ ತಿರುಗಿದಂತಾಗುವುದು. ಇದಕ್ಕೆ ಉಪಾಯವು ಸುಲಭ: ಹತ್ತಿರದಲ್ಲಿರುವ ಸ್ಥಿರವಾದ ವಸ್ತುವೊಂದನ್ನು ಹಿಡಿಯಬೇಕು, ಇಲ್ಲವೇ ನೋಡಬೇಕು.

ಮಾರ್ಗದರ್ಶಕಳು ನನಗೆ ಮಾಡಿಸಿದ್ದೂ ಅದನ್ನೇ. ಅವಳು ನನ್ನ ಕೈಯನ್ನು ಹಿಡಿದೆಳೆಯಲಿಲ್ಲ, ಪಕ್ಕಕ್ಕೆ ಬಂದು ನಿಂತು, “ಕೈಯನ್ನು ಕಟಕಟೆಯ ಮೇಲಿಡಿರಿ. ಕೆಳಗೆ ನೋಡಬೇಡಿರಿ, ಕಟಕಟೆಯನ್ನೇ ನೋಡುತ್ತ ಹತ್ತು ಹೆಜ್ಜೆ ಎಣಿಸಿರಿ. ಆಮೇಲೂ ಬೇಡವೆನಿಸಿದರೆ ಹಿಂತಿರುಗೋಣ” ಎಂದಳು. ಎಣಿಸಿದೆನು. ಹತ್ತು ಹೋಗಿ ಇಪ್ಪತ್ತಾಯಿತು, ನೂರಾಯಿತು. ನಮ್ಮ ತಂಡದ ವೃದ್ಧೆಯೊಬ್ಬರು ಮೊದಲ ಹಲಗೆಯಿಂದಲೇ ಹಿಂತಿರುಗಿ ದಡದ ಬೆಂಚಿನ ಮೇಲೆ ಕುಳಿತರು. ಅವರನ್ನು ಕುರಿತು ಯಾರೂ ನಗಲಿಲ್ಲ. ಮಾರ್ಗದರ್ಶಕಳು ಅವರು ಕುಳಿತ ಜಾಗವನ್ನು ಗುರುತುಮಾಡಿಕೊಂಡು ಮುಂದೆ ನಡೆದಳು.

ಇನ್ನು ಹುಡುಗಿಯು ಕೇಳಿದ ಪ್ರಶ್ನೆಗೆ ಬರೋಣ. ಗಾಜು ಒಡೆಯುವುದೇಕೆ? ಗಾಜನ್ನು ಒತ್ತಿದರೆ ಅದು ಬಹಳ ಭಾರವನ್ನು ತಾಳಬಲ್ಲದು, ಎಳೆದರೆ ತಾಳಲಾರದು. ಹಲಗೆಯ ಮೇಲೆ ಭಾರವು ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗಿ, ಕೆಳಮೈಯಲ್ಲಿ ಎಳೆತವುಂಟಾಗುವುದು. ಆ ಮೈಯ ಮೇಲೆ ಸೂಕ್ಷ್ಮವಾದ ಗೀರೊಂದಿದ್ದರೆ ಎಳೆತವೆಲ್ಲವೂ ಗೀರಿನ ತುದಿಯಲ್ಲಿ ಕೂಡಿಕೊಂಡು ಬಿರುಕು ಓಡತೊಡಗುವುದು. ಇದನ್ನು ಗ್ರಿಫಿತ್ ಎಂಬ ಆಂಗ್ಲ ಇಂಜಿನಿಯರರು 1921ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಪಾದರಕ್ಷೆಗೆ ಬಟ್ಟೆಯ ಚೀಲವನ್ನು ಕಟ್ಟಿಸುವುದರ ಮರ್ಮವು ಈಗ ನಿಮಗೆ ತಿಳಿದಿರಬಹುದು.

ಈ ದೋಷವನ್ನು ನೀಗಲು ಎರಡು ಉಪಾಯಗಳುಂಟು. ಮೊದಲನೆಯದು ಗಾಜನ್ನು ಹದಗೊಳಿಸುವುದು. ಗಾಜಿನ ಹಲಗೆಯನ್ನು 600 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಾಗಿ ಕಾಯಿಸಿ, ಎರಡು ಮೈಗಳ ಮೇಲೂ ತಣ್ಣನೆಯ ಗಾಳಿಯನ್ನು ರಭಸದಿಂದ ಊದುವರು. ಹೊರಮೈ ಮೊದಲು ಗಟ್ಟಿಯಾಗುವುದು. ಒಳಭಾಗವು ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ತನ್ನೆಡೆಗೆ ಬಿಗಿಯಾಗಿ ಸೆಳೆದುಕೊಳ್ಳುವುದು. ಹೀಗೆ ಹೊರಮೈ ಸದಾ ಒತ್ತಡದಲ್ಲಿರುವುದರಿಂದ, ಹೊರಗಿನಿಂದ ಬಂದ ಎಳೆತವು ಮೊದಲು ಆ ಒತ್ತಡವನ್ನು ಕಳೆದಲ್ಲದೆ ಬಿರುಕನ್ನು ತೆರೆಯಲಾರದು.

ಎರಡನೆಯ ಉಪಾಯವು ಆಕಸ್ಮಿಕವಾಗಿ ಹೊಳೆದದ್ದು. 1903ರಲ್ಲಿ ಎದುವಾರ್ ಬೆನೆದಿಕ್ತುಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನ ಕೈಯಿಂದ ಗಾಜಿನ ಸೀಸೆಯೊಂದು ಕೆಳಗೆ ಬಿದ್ದಿತು. ಸೀಸೆಯು ಬಿರಿಯಿತು, ಆದರೆ ಚೂರುಗಳು ಚೆದರಲಿಲ್ಲ. ಸೀಸೆಯಲ್ಲಿ ಹಿಂದೆ ಇದ್ದ ದ್ರವವು ಒಣಗಿ ಒಳಮೈಗೆ ತೆಳುವಾದ ಪೊರೆಯಂತೆ ಅಂಟಿಕೊಂಡು ಚೂರುಗಳನ್ನು ಹಿಡಿದಿದ್ದಿತು. ಇದೇ ತತ್ತ್ವದಿಂದ ಆತನು ಎರಡು ಗಾಜುಗಳ ನಡುವೆ ಪೊರೆಯನ್ನಿಟ್ಟು ಪದರಗಾಜನ್ನು ಮಾಡಿ 1909ರಲ್ಲಿ ಅದರ ಹಕ್ಕನ್ನು ಪಡೆದನು. ನಮ್ಮ ನಗರದ ಬಸ್ಸಿನ ಮುಂಗಾಜಿಗೆ ಕಲ್ಲು ತಗಲಿದಾಗ ಜೇಡರಬಲೆಯಂತೆ ಬಿರುಕು ಹರಡಿದರೂ ಗಾಜು ಉದುರದೆ ನಿಂತಿರುವುದನ್ನು ನೀವು ಕಂಡಿರಬಹುದು. ಅದು ಪದರಗಾಜು.

ಜಾಂಗ್‌ಜಿಯಾಜಿಯೆ ಸೇತುವೆಯ ಒಂದೊಂದು ಹಲಗೆಯಲ್ಲಿಯೂ ಇಂಥ ಮೂರು ಗಾಜುಗಳು ಒಂದರ ಮೇಲೊಂದಾಗಿ ಅಂಟಿಕೊಂಡಿವೆ. ಒಂದೊಂದು ಗಾಜೂ ಸುಮಾರು 15 ಮಿಲಿಮೀಟರ್ ದಪ್ಪ. ಮೇಲಿನದು ಒಡೆದರೆ ನಡುವಿನದು ಹೊರುವುದು, ನಡುವಿನದೂ ಹೋದರೆ ಕೆಳಗಿನದು ಉಳಿದಿರುವುದು. ಗಾಜು ಒಡೆಯುವುದೇ ಇಲ್ಲವೆಂದು ಇಂಜಿನಿಯರರು ಎಂದೂ ಭಾವಿಸಲಿಲ್ಲ. ಒಡೆದರೂ ಮನುಷ್ಯನು ಬೀಳಬಾರದೆಂದು ಯೋಚಿಸಿ ಕಟ್ಟಿದರು. ಸೇತುವೆಯನ್ನು ತೆರೆಯುವ ಮೊದಲು, 2016ರ ಜೂನ್ ತಿಂಗಳಿನಲ್ಲಿ, ಜನರ ಎದುರಿಗೇ ಇದನ್ನು ಪರೀಕ್ಷಿಸಿದರು. ಹಲವರು ಸಮ್ಮಟಿಗೆಗಳಿಂದ ಗಾಜಿನ ಮೇಲೆ ಬಲವಾಗಿ ಹೊಡೆದರು. ಮೇಲಿನ ಗಾಜು ಬಿರಿಯಿತು, ಹಲಗೆಯು ಮುರಿಯಲಿಲ್ಲ. ಆ ಬಿರಿದ ಗಾಜಿನ ಮೇಲೆಯೇ ಜನರನ್ನು ಕೂರಿಸಿಕೊಂಡು ಸುಮಾರು ಎರಡು ಟನ್ ತೂಕದ ಮೋಟಾರನ್ನು ನಡೆಸಿದರು. ಒಬ್ಬೊಬ್ಬರಿಗೆ 60 ಕಿಲೋ ಎಂದಿಟ್ಟುಕೊಂಡರೆ ಅದು ಮೂವತ್ತಮೂರು ಜನರ ತೂಕ.

ಸೇತುವೆಯ ನಡುವೆ ಬಂದಾಗ ಅದು ಮೆಲ್ಲನೆ ತೂಗುತ್ತಿರುವುದು ನನ್ನ ಅರಿವಿಗೆ ಬಂದಿತು. ತೂಗುಸೇತುವೆಗೆ ಇದು ಸಹಜ. ಗಾಳಿಗೆ ತೊನೆಯುವ ಬಿದಿರಿನಂತೆ ಅದು ಬಾಗಿ ಬಲವನ್ನು ತಾಳುವುದು. ಆದರೆ ಎಲ್ಲದಕ್ಕೂ ಮಿತಿಯುಂಟು. ಲಂಡನ್ ನಗರದಲ್ಲಿ 2000ನೆಯ ಇಸವಿಯ ಜೂನ್ 10ರಂದು ತೆರೆದ ಮಿಲೆನಿಯಂ ಕಾಲುಸೇತುವೆಯು ನಡೆಯುವ ಜನರ ಹೆಜ್ಜೆಗಳ ತಾಳಕ್ಕೆ ಅಡ್ಡಡ್ಡಲಾಗಿ ಓಲಾಡತೊಡಗಿತು. ಎರಡೇ ದಿನಗಳಲ್ಲಿ ಅದನ್ನು ಮುಚ್ಚಿ, ಓಲಾಟವನ್ನು ಹೀರುವ ಸಾಧನಗಳನ್ನು ಅಳವಡಿಸಿ, 2002ರಲ್ಲಿ ಪುನಃ ತೆರೆದರು. ಸೇತುವೆಯ ಮೇಲೆ ಕುಣಿಯಬಾರದೆಂಬ ನಿಯಮವು ಬರಿಯ ಶಿಸ್ತಿನ ಮಾತಲ್ಲ.

ಇಷ್ಟರಿಂದ ಗಾಜು ಬಲವಾದುದು, ಆದುದರಿಂದ ಸೇತುವೆಯು ಸುರಕ್ಷಿತವಾದುದು ಎಂದು ನೀವು ನಿರ್ಧರಿಸಿದರೆ ಅದು ಅರ್ಧ ಸತ್ಯವಾಗುವುದು. ಉಳಿದ ಅರ್ಧವನ್ನು ನಾನು ಮಾರ್ಗದರ್ಶಕಳ ಬಾಯಿಂದ ಕೇಳಿದೆನು. ಈ ಸೇತುವೆಯು ತೆರೆದದ್ದು 2016ರ ಆಗಸ್ಟ್ 20ರಂದು. ಒಂದು ಸಲಕ್ಕೆ 800 ಜನರು, ದಿನವೊಂದಕ್ಕೆ 8,000 ಜನರು ಎಂದು ಮಿತಿಯನ್ನು ಗೊತ್ತುಮಾಡಿದ್ದರು. ಆದರೆ ಅದರ ಹತ್ತರಷ್ಟು ಜನರು ಬರಲಾರಂಭಿಸಿದರು. ಗಾಜು ಬಿರಿದಿರಲಿಲ್ಲ, ಹಗ್ಗವು ಸಡಿಲಿರಲಿಲ್ಲ, ಅಪಘಾತವೇನೂ ಆಗಿರಲಿಲ್ಲ. ಆದರೂ ತೆರೆದ ಹದಿಮೂರು ದಿನಗಳಲ್ಲಿ, ಸೆಪ್ಟೆಂಬರ್ 2ರಂದು, ಸೇತುವೆಯನ್ನು ಮುಚ್ಚಿಬಿಟ್ಟರು. ವ್ಯವಸ್ಥೆಗಳನ್ನು ಸರಿಪಡಿಸಿ ಅದೇ ತಿಂಗಳ 30ರಂದು ಪುನಃ ತೆರೆದರು. ದೂರದಿಂದ ಬಂದು ನಿರಾಶರಾಗಿ ಹಿಂತಿರುಗಿದವರು ಬಹಳ ಬೈದರಂತೆ. ಬೈಯಲಿ, ಬೈಯುವುದಕ್ಕೆ ಅವರು ಜೀವಂತವಾಗಿದ್ದರಷ್ಟೆ.

ಈ ಮಾತನ್ನು ನಾನು ಲಘುವಾಗಿ ಬರೆಯುತ್ತಿಲ್ಲ. ಗುಜರಾತಿನ ಮೋರ್ಬಿ ಎಂಬ ಊರಿನಲ್ಲಿ ಮಚ್ಛು ನದಿಯ ಮೇಲೆ ಬ್ರಿಟಿಷರ ಕಾಲದ ತೂಗುಸೇತುವೆಯೊಂದಿದ್ದಿತು. ದುರಸ್ತಿಯ ನಂತರ ಅದನ್ನು 2022ರ ಅಕ್ಟೋಬರ್ 26ರಂದು ತೆರೆದರು. ನಾಲ್ಕು ದಿನಗಳ ಮೇಲೆ, ಅಕ್ಟೋಬರ್ 30ರ ಸಂಜೆ, ಹಬ್ಬದ ರಜೆಯ ಜನರು ಕಿಕ್ಕಿರಿದು ಅದರ ಮೇಲೆ ನಿಂತಿದ್ದಾಗ ಅದು ಹರಿದುಬಿದ್ದಿತು. 130ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಬಹಳ ಮಂದಿ. ಅದರಲ್ಲಿ ಗಾಜು ಇರಲಿಲ್ಲ, ಅದನ್ನು ನೋಡಿ ಯಾರಿಗೂ ಕಾಲು ನಡುಗಿರಲಿಲ್ಲ. ನಮ್ಮ ಮುಂಬಯಿಯಲ್ಲಿಯೇ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಆಗ ಎಲ್ಫಿನ್‌ಸ್ಟನ್ ರೋಡ್ ಎಂದು ಕರೆಯುತ್ತಿದ್ದ ಸ್ಟೇಶನ್ನಿನ ಕಾಲುಸೇತುವೆಯ ಇಕ್ಕಟ್ಟಾದ ಮೆಟ್ಟಿಲುಗಳ ಮೇಲೆ ಮಳೆಗೆ ನಿಂತ ಜನರ ನೂಕುನುಗ್ಗಲಿನಲ್ಲಿ 23 ಮಂದಿ ಪ್ರಾಣಬಿಟ್ಟರು. ಸೇತುವೆಯು ಮುರಿಯಲೇ ಇಲ್ಲ. ಮುರಿದದ್ದು ಜನರ ಎಣಿಕೆ.

ಚೀನಾದೇಶದಲ್ಲಿಯೂ ಎಲ್ಲ ಗಾಜಿನ ಸೇತುವೆಗಳೂ ನಿರ್ದೋಷವಾಗಿವೆಯೆಂದು ತಿಳಿಯಬೇಡಿರಿ. 2015ರಲ್ಲಿ ಹೆನಾನ್ ಪ್ರಾಂತದ ಯುಂತಾಯ್ ಬೆಟ್ಟದ ಗಾಜಿನ ಹಾದಿಯಲ್ಲಿ, ತೆರೆದ ಎರಡು ವಾರಗಳಲ್ಲಿಯೇ, ಮೇಲಿನ ಒಂದು ಪದರವು ಬಿರಿಯಿತು. ಜನರು ಕಿರಿಚುತ್ತ ಓಡಿದರು, ಹಾದಿಯನ್ನು ಮುಚ್ಚಿದರು. ಹೆಬೇ ಪ್ರಾಂತದಲ್ಲಿದ್ದ ಇಂಥ 32 ಸ್ಥಳಗಳನ್ನು ತಪಾಸಣೆಗಾಗಿ ಮುಚ್ಚಿದ ಸಂಗತಿಯು 2019ರಲ್ಲಿ ಪ್ರಕಟವಾಯಿತು. 2021ರ ಮೇ ತಿಂಗಳಿನಲ್ಲಿ ಜೀಲಿನ್ ಪ್ರಾಂತದ ಒಂದು ಸೇತುವೆಯಲ್ಲಿ, ಗಂಟೆಗೆ 150 ಕಿಲೋಮೀಟರ್ ವೇಗದ ಬಿರುಗಾಳಿಗೆ ಗಾಜಿನ ಹಲಗೆಗಳೇ ಕಿತ್ತುಹೋದವು. ನೂರು ಮೀಟರ್ ಎತ್ತರದಲ್ಲಿ ಒಬ್ಬ ಪ್ರವಾಸಿಗನು ಕಟಕಟೆಯನ್ನು ಅಪ್ಪಿಹಿಡಿದು ನಿಂತಿದ್ದನು. ದೈವವಶದಿಂದ ಅವನು ಬದುಕಿ ಬಂದನು. ಹಲಗೆಯ ಗಾಜು ಎಷ್ಟೇ ಗಟ್ಟಿಯಿದ್ದರೂ ಅದನ್ನು ಚೌಕಟ್ಟಿಗೆ ಬಿಗಿದ ರೀತಿಯೂ ಗಾಳಿ ಎದ್ದಾಗ ಬಾಗಿಲನ್ನು ಮುಚ್ಚುವ ಕಾವಲುಗಾರನೂ ಗಟ್ಟಿಯಾಗಿರಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ನಾವು ಆಚೆಯ ದಡವನ್ನು ಮುಟ್ಟಿ ಮರಳಿ ಬಂದೆವು. ಹಿಂತಿರುಗುವಾಗ ನಾನು ನಡುವೆ ನಿಂತು ಕೆಳಗೆ ನೋಡಿದೆನು. ಹೆದರಿಕೆಯು ಪೂರ್ತಿಯಾಗಿ ಹೋಗಿರಲಿಲ್ಲ. ಆದರೆ ಅದರೊಡನೆ ನಿಲ್ಲುವುದು ಸಾಧ್ಯವಾಗಿದ್ದಿತು. ಬೆಂಚಿನ ಮೇಲಿದ್ದ ವೃದ್ಧೆಯನ್ನು ಕೂಡಿಸಿಕೊಂಡು, ಮತ್ತೊಮ್ಮೆ ತಲೆಗಳನ್ನು ಎಣಿಸಿಕೊಂಡು, ಊಟಕ್ಕೆ ಹೋದೆವು. ಹುನಾನಿನವರು ನಮ್ಮ ಗುಂಟೂರಿನವರಿಗೆ ಸಮನಾಗಿ ಮೆಣಸಿನಕಾಯಿ ತಿನ್ನುವವರು. ಶಾಕಾಹಾರಿಗಳಾದ ನಮಗೆ ಮಾರ್ಗದರ್ಶಕಳು ಅನ್ನ, ಸೊಪ್ಪಿನ ಪಲ್ಯ, ಸೋಯಾ ಅವರೆಯ ಹಾಲಿನಿಂದ ಮಾಡಿದ ಗಿಣ್ಣದಂಥ ಪದಾರ್ಥ ಇವುಗಳನ್ನು ಹೇಳಿ ಮಾಡಿಸಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಹೊಟ್ಟೆತುಂಬ ಉಂಡೆವು.

ಮಧ್ಯಾಹ್ನ ಕಮರಿಯ ತಳಕ್ಕೆ ಇಳಿದೆವು. ಕಡಿದಾದ ಮೆಟ್ಟಿಲುಗಳು, ಕೆಳಗೆ ಹಳ್ಳದ ಗುಂಟ ಮರದ ಕಾಲುಹಾದಿ, ಬಂಡೆಗಳಿಂದ ಸೋರುವ ನೀರು, ಹಾವಸೆಯ ತಂಪು. ದಾರಿಯ ಕೊನೆಗೆ ಹಸುರು ನೀರಿನ ಕೆರೆಯಲ್ಲಿ ದೋಣಿಯಲ್ಲಿ ಕುಳಿತು ಹೊರಬಂದೆವು. ನಡುವೆ ಒಂದೆಡೆ ನಿಂತು ತಲೆಯೆತ್ತಿದಾಗ, ಬೆಳಿಗ್ಗೆ ನಾವು ನಡೆದ ಸೇತುವೆಯು ಆಕಾಶದಲ್ಲಿ ಸೀಮೆಸುಣ್ಣದಿಂದ ಎಳೆದ ಒಂದು ಗೆರೆಯಂತೆ ಕಂಡಿತು. ಮೇಲಿದ್ದ ಜನರು ಕಾಣುತ್ತಲೇ ಇರಲಿಲ್ಲ. ಅಷ್ಟು ತೆಳ್ಳಗಿನ ಗೆರೆಯ ಮೇಲೆ ಎಂಟು ನೂರು ಜನರು, ಎಂದರೆ ತಲೆಗೆ 60 ಕಿಲೋ ಹಿಡಿದರೆ 48 ಟನ್ ಭಾರ! ತಮ್ಮನು ಮೆಲ್ಲಗೆ, “ಅಣ್ಣಾ, ನಿಜ ಹೇಳಲೇ? ಬೆಳಿಗ್ಗೆ ನನಗೂ ಹೆದರಿಕೆಯಾಗಿತ್ತು. ಅದಕ್ಕೇ ಬೇಗ ಬೇಗ ಮುಂದೆ ಹೋದೆ” ಎಂದನು. ಇಬ್ಬರೂ ನಕ್ಕೆವು.

ಪ್ರಿಯ ವಿದ್ಯಾರ್ಥಿಗಳೇ, ನೀವು ಮುಂದೆ ಕನ್ಯಾಕುಮಾರಿಯ ಸೇತುವೆಯನ್ನೋ ಬೇರೆ ಯಾವುದಾದರೂ ಗಾಜಿನ ಸೇತುವೆಯನ್ನೋ ನೋಡಲು ಹೋಗುವಿರಿ. ಆಗ ಗಾಜು ಎಷ್ಟು ದಪ್ಪವೆಂದು ಕೇಳಿರಿ, ಒಳ್ಳೆಯ ಪ್ರಶ್ನೆಯೇ. ಅದರ ಜೊತೆಗೆ ಇನ್ನು ಮೂರನ್ನೂ ಕೇಳಿರಿ: ಒಂದು ಸಲಕ್ಕೆ ಎಷ್ಟು ಜನರನ್ನು ಬಿಡುವರು? ಕಡೆಯ ಸಲ ತಪಾಸಣೆಯಾದದ್ದು ಯಾವಾಗ? ಗಾಳಿ ಮಳೆ ಬಂದರೆ ಮುಚ್ಚುವವರು ಯಾರು? ನಿತ್ಯವೂ ಶಾಲೆಗೆ ಬರುವಾಗ ದಾಟುವ ರೈಲ್ವೆಯ ಕಾಲುಸೇತುವೆಯ ವಿಷಯದಲ್ಲಿಯೂ ಈ ಪ್ರಶ್ನೆಗಳು ಸಲ್ಲುವುವು. ಮೆಟ್ಟಿಲಿನ ಮೇಲೆ ಜನರು ಕಿಕ್ಕಿರಿದಿದ್ದರೆ ಒಂದು ಗಾಡಿ ತಪ್ಪಿದರೂ ಚಿಂತೆಯಿಲ್ಲ, ನಿಂತುಕೊಳ್ಳಿರಿ. ತಡವಾಗಿ ಬಂದವರನ್ನು ನಾನು ತರಗತಿಯ ಹೊರಗೆ ನಿಲ್ಲಿಸುವುದಿಲ್ಲವೆಂದು ಈ ಪುಟದಲ್ಲಿಯೇ ಮಾತು ಕೊಟ್ಟಿರುವೆನು.

ಮತ್ತು ನಿಮ್ಮ ಗೆಳೆಯನೋ ಗೆಳತಿಯೋ ಸೇತುವೆಯ ಬಾಯಲ್ಲಿ ಕಾಲೆತ್ತಲಾರದೆ ನಿಂತರೆ ನಗಬೇಡಿರಿ, ಎಳೆಯಬೇಡಿರಿ. ಪಕ್ಕದಲ್ಲಿ ನಿಂತು, ಕಟಕಟೆಯನ್ನು ತೋರಿಸಿ, ಹತ್ತು ಹೆಜ್ಜೆ ಎಣಿಸಲು ಹೇಳಿರಿ. ಗಾಜು ಒಡೆಯುವುದಿಲ್ಲವೇ ಎಂದು ತರಗತಿಯಲ್ಲಿ ಎದ್ದು ಕೇಳಿದ ಆ ಹುಡುಗಿಗೆ ನಾನು ಅಂದೇ ಹೇಳಬೇಕಾಗಿದ್ದ ಉತ್ತರವಿದು: ಒಡೆಯುತ್ತದಮ್ಮಾ. ಒಡೆಯುತ್ತದೆಂದು ಮೊದಲೇ ತಿಳಿದು, ಅದಕ್ಕೆ ತಕ್ಕಂತೆ ಕಟ್ಟಿ, ಎಣಿಸಿ ಜನರನ್ನು ಬಿಡುವವರು ಇರುವವರೆಗೆ ಅದರ ಮೇಲೆ ನಡೆಯಬಹುದು. ದೊಡ್ಡವಳಾದ ಮೇಲೆ ನೀನೂ ಅವರಲ್ಲಿ ಒಬ್ಬಳಾಗು ಎಂದು ಹಾರೈಸುವೆನು.